ನುಂಗಲಾರದ ದಿನಗಳಲ್ಲಿ ನೋಡುತ್ತ ಕುಳಿತದ್ದು

ತಿಂಗಳ ಮೊದಲ ಶುಕ್ರವಾರ ಹತ್ತಿರ ಬಂತೆಂದರೆ ಹೊಸದುರ್ಗದ ನಮ್ಮ ಕ್ರೈಸ್ತ ಬಂಧುಗಳು ನನ್ನನ್ನು ಕಂಡು ದಾರಿ ಬದಲಿಸುತ್ತಾರೆ. ಕೈಯಲ್ಲೊಂದು ಹಾಳೆ, ಜೇಬಿನಲ್ಲೊಂದು ಪೆನ್ನು ಇಟ್ಟುಕೊಂಡು ನಾನು ಮನೆಮನೆಯ ಬಾಗಿಲು ತಟ್ಟುತ್ತೇನೆ. ಆ ದಿನ ಬೆಳಗಿನ ಪೂಜೆಯಿಂದ ಸಂಜೆಯವರೆಗೆ ಚರ್ಚಿನ ಪೀಠದ ಮೇಲೆ ಪರಮಪ್ರಸಾದವನ್ನು ಎಲ್ಲರಿಗೂ ಕಾಣುವಂತೆ ಇಟ್ಟಿರುತ್ತಾರೆ. ಅದು ಗೋಧಿಯ ತೆಳ್ಳನೆಯ ಬಿಳಿ ಅಪ್ಪ. ಪೂಜೆಯಲ್ಲಿ ಗುರುಗಳು ಅರ್ಪಿಸಿದ ಮೇಲೆ ಅದು ಯೇಸುಸ್ವಾಮಿಯ ಶರೀರವೇ ಎಂಬುದು ನಮ್ಮ ನಂಬಿಕೆ. ಹಾಗೆ ಇಟ್ಟಿರುವಷ್ಟು ಹೊತ್ತು ಅದರ ಮುಂದೆ ಯಾರಾದರೊಬ್ಬರು ಇರಲೇಬೇಕು, ಒಂಟಿಯಾಗಿ ಬಿಡುವಂತಿಲ್ಲ. ಅರ್ಧರ್ಧ ಗಂಟೆಯ ಆ ಸರದಿಗೆ ಹೆಸರು ಬರೆಸಿಕೊಳ್ಳುವುದು ನಾನೇ ಮೈಮೇಲೆ ಹಾಕಿಕೊಂಡ ಕೆಲಸ.

"ನಿಂಗ್ಯಾಕಪ್ಪ ಚೌರಪ್ಪ ಈ ಪಾಟಿ ಹಟ?" ಎಂದು ಕೇಳುವವರಿದ್ದಾರೆ. ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಹೇಳಬೇಕೆಂದರೆ ನನ್ನ ಕಾಯಿಲೆಯ ಕಥೆಯನ್ನೇ ಹೇಳಬೇಕು. ಗಂಟಲಲ್ಲಿ ತುತ್ತು ಇಳಿಯದೆ, ಅದನ್ನು ಯಾರಿಗೂ ಹೇಳದೆ ಕುಳಿತವರು ಇನ್ನೂ ಎಷ್ಟು ಜನ ಇದ್ದಾರೋ. ಅವರಿಗೆ ಇದು ಸಿಕ್ಕಿದರೆ ಒಳ್ಳೆಯದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಹೊಸದುರ್ಗದಲ್ಲಿ ಲೈನ್‌ಮನ್. ಸುಗ್ಗಿಯ ಕಾಲದಲ್ಲಿ ಬಾಗೂರಿನ ಕಡೆ ಗಾಳಿಗೆ ತಂತಿ ಹರಿದುಬಿದ್ದಿತ್ತು. ನಾನೂ ನನ್ನ ಜೊತೆಗಾರ ರಂಗಪ್ಪನೂ ಬೆಳಗಿನಿಂದ ಕಂಬ ಹತ್ತಿ ಇಳಿದು ಸುಸ್ತಾಗಿದ್ದೆವು. ರಂಗಪ್ಪ ಕುರುಬರವನು. ಮನೆಯಲ್ಲಿ ಕುರಿ ಹಿಂಡು ಇದ್ದರೂ ಕರೆಂಟಿನ ಕೆಲಸಕ್ಕೆ ಬಂದಿದ್ದ. ತೋಟದ ಮನೆಯವರು ನಮ್ಮಿಬ್ಬರನ್ನೂ ಕೂರಿಸಿ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುವುದು. ಅಗಿಯುವವನನ್ನು ಕಂಡರೆ ಮಕ್ಕಳೂ ನಗುತ್ತವೆ. ನಾನು ಮೊದಲ ತುತ್ತು ನುಂಗಿದೆ. ಅದು ಎದೆಯ ನಡುವೆ ನಿಂತುಬಿಟ್ಟಿತು. ನೀರು ಕುಡಿದೆ, ನೀರೂ ಅದರ ಮೇಲೆ ನಿಂತಿತು. ಎದ್ದು ತಿಪ್ಪೆಯ ಕಡೆ ಓಡಿದೆ. ತಿಂದದ್ದು ತಿಂದ ಹಾಗೆಯೇ, ಹುಳಿ ಕೂಡ ಇಲ್ಲದೆ, ವಾಪಸು ಬಂತು.

"ಏನ್ಲಾ, ಬಸುರಿ ಹೆಂಗಸಿನಂಗೆ?" ಎಂದು ರಂಗಪ್ಪ ನಕ್ಕ. ನಾನೂ ನಕ್ಕೆ.

ಆದರೆ ಮಾರನೆಯ ದಿನವೂ ಹಾಗೇ ಆಯಿತು, ಮರುವಾರ ಇನ್ನೂ ಹೆಚ್ಚಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನದು ಬಾಯಿಗೆ ಬಂದರೂ ಹೊಟ್ಟೆಗೆ ಹೋಗದ ಸ್ಥಿತಿ. ಡಾಕ್ಟರ ಹತ್ತಿರ ಹೋಗಲಿಲ್ಲ. ಯಾಕೆಂದರೆ ಕಾಯಿಲೆ ಯಾವುದೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ನನ್ನ ಅಪ್ಪ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡವರು. ಕೊನೆಯ ತಿಂಗಳುಗಳಲ್ಲಿ ಅವ್ವ ಚಮಚದಲ್ಲಿ ಗಂಜಿ ಬಿಟ್ಟರೆ ಅದು ಬಾಯಿಯ ಅಂಚಿನಿಂದ ಹರಿದು ಬರುತ್ತಿದ್ದುದನ್ನು ನಾನು ಕಣ್ಣಾರೆ ಕಂಡವನು. ಅದೇ ಬಂದಿದೆ, ಗೊತ್ತಾದ ದಿನವೇ ಮನೆಯಲ್ಲಿ ಸೂತಕ ಶುರುವಾಗುತ್ತದೆ, ಗೊತ್ತಾಗದಿದ್ದಷ್ಟು ದಿನ ಮಕ್ಕಳು ನಗುತ್ತಿರಲಿ ಅಂದುಕೊಂಡೆ. ಈಗ ನೆನೆದರೆ ನನ್ನ ಬುದ್ಧಿಗೆ ನಾನೇ ಎರಡು ಬಾರಿಸಬೇಕು ಅನ್ನಿಸುತ್ತದೆ.

ಮುಚ್ಚಿಡುವ ವಿದ್ಯೆಯಲ್ಲಿ ಪಳಗಿದೆ. ನಿಂತು ತಿಂದರೆ ಸ್ವಲ್ಪ ಇಳಿಯುತ್ತದೆ, ಬಿಸಿನೀರು ತಣ್ಣೀರಿಗಿಂತ ವಾಸಿ, ತಲೆಯ ಕೆಳಗೆ ಎರಡು ದಿಂಬು ಇಟ್ಟರೆ ಮಲಗಿದಾಗ ಬರುವ ಕೆಮ್ಮು ಕಡಿಮೆ. ಇವನ್ನೆಲ್ಲ ಯಾರೂ ಹೇಳಿಕೊಡದೆ ಕಲಿತೆ. ಮನೆಯಲ್ಲಿ "ಹೊರಗೆ ತಿಂದು ಬಂದೆ" ಅನ್ನುತ್ತಿದ್ದೆ. ಹೊರಗೆ "ಮನೆಯಲ್ಲಿ ತಿಂದು ಬಂದೆ" ಅನ್ನುತ್ತಿದ್ದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂದಾಗ ನನಗೆ ಹಬ್ಬವೇ ಬಂದಷ್ಟು ಸಂತೋಷ, ಉಪವಾಸ ಎಂದರೆ ಮುಗಿಯಿತು. "ಚೌರಪ್ಪ ಈ ಸಲ ಭಾರಿ ಉಪಾಸ ಹಿಡಿದಾನೆ ಕಣ್ರೋ" ಎಂದು ಚರ್ಚಿನಲ್ಲಿ ಹಿರಿಯರು ಹೊಗಳಿದರು. ಅಂಗಿಯ ಕಾಲರಿಗೂ ಕತ್ತಿಗೂ ನಡುವೆ ಎರಡು ಬೆರಳು ಆಡುವಷ್ಟು ಸೊರಗಿದ್ದೆ.

ಹೆಂಡತಿ ಫಿಲೋಮಿನ ಮಾತ್ರ ಹೊಗಳಲಿಲ್ಲ. ಅವಳು ನನ್ನ ತಟ್ಟೆ ನೋಡುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು.

ತಪಸ್ಸುಕಾಲದ ಮೂರನೆಯ ಭಾನುವಾರ. ಎಲ್ಲರಂತೆ ಸಾಲಿನಲ್ಲಿ ಹೋಗಿ ನಾಲಗೆಯ ಮೇಲೆ ಪರಮಪ್ರಸಾದ ಸ್ವೀಕರಿಸಿ ಬಂದೆ. ಅದು ಕಾಗದದಷ್ಟು ತೆಳ್ಳಗಿನದು, ಎಂಥವರಿಗೂ ಇಳಿಯಬೇಕು. ನನಗೆ ಇಳಿಯಲಿಲ್ಲ. ಕೊನೆಯ ಹಾಡಿನ ಹೊತ್ತಿಗೆ ಎದೆಯಿಂದ ಎಂಜಲು ಉಕ್ಕಿ ಬಂತು. ಕರವಸ್ತ್ರ ಬಾಯಿಗೆ ಹಿಡಿದು ಹಿಂಬಾಗಿಲಿನಿಂದ ಹೊರಗೆ ಹೋದೆ. ಬಿಚ್ಚಿ ನೋಡಿದರೆ ಎಂಜಲಿನ ನಡುವೆ ಬಿಳಿಯ ಚೂರು. ದೇವರನ್ನು ಉಗುಳಿಬಿಟ್ಟೆನಲ್ಲ ಅನ್ನಿಸಿತು. ಸಾವಿನ ಭಯವನ್ನು ನಾಲ್ಕು ತಿಂಗಳು ತಡೆದಿದ್ದೆ. ಈ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಗುರುಗಳಿಗೆ ಹೇಳಬೇಕಿತ್ತು. ಹೇಳಿದ್ದರೆ ಅವರು ಅದನ್ನು ನೀರಿನಲ್ಲಿ ಕರಗಿಸಿ ಯಾರೂ ತುಳಿಯದ ಜಾಗದ ಮಣ್ಣಿಗೆ ಹಾಕುತ್ತಿದ್ದರು, ಅಷ್ಟೇ ವಿಷಯ. ನನಗೆ ಅದು ಗೊತ್ತಿರಲಿಲ್ಲ. ಎಸೆಯುವಂತಿಲ್ಲ, ತೊಳೆಯುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಕರವಸ್ತ್ರವನ್ನು ಎಂಟು ಮಡಿಕೆ ಮಾಡಿ ಮನೆಗೆ ತಂದು, ಗೋಡೆಯ ಮೇಲಿದ್ದ ಯೇಸುವಿನ ಪವಿತ್ರ ಹೃದಯದ ಪಟದ ಹಿಂದೆ ಸಿಕ್ಕಿಸಿದೆ. ಅಲ್ಲಿಗಿಂತ ಒಳ್ಳೆಯ ಜಾಗ ನಮ್ಮ ಮನೆಯಲ್ಲಿ ಇರಲಿಲ್ಲ.

ಮುಂದಿನ ಭಾನುವಾರದಿಂದ ಗಂಡಸರ ಸಾಲಿನ ಕೊನೆಯ ಬೆಂಚು ಹಿಡಿದೆ. ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಏಳುತ್ತಿದ್ದರು. ನಾನು ತಲೆ ತಗ್ಗಿಸಿ ನೆಲ ನೋಡುತ್ತ ಕೂರುತ್ತಿದ್ದೆ. ನಲವತ್ತು ಮನೆಗಳ ಸಣ್ಣ ಧರ್ಮಕೇಂದ್ರ ನಮ್ಮದು. ಅಲ್ಲಿ ಒಬ್ಬ ಎದ್ದು ಹೋಗದಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮನಸ್ಸಿನಲ್ಲಿ ದೊಡ್ಡ ಪಾಪ ಇರುವವನು ಮಾತ್ರ ಹಾಗೆ ಕೂರುತ್ತಾನೆ ಎಂಬುದು ನಮ್ಮವರ ಲೆಕ್ಕ. ಮನೆಯಲ್ಲಿ ಉಣ್ಣುವುದಿಲ್ಲ, ಚರ್ಚಿನಲ್ಲಿ ಪ್ರಸಾದ ತೆಗೆದುಕೊಳ್ಳುವುದಿಲ್ಲ. ಇನ್ನೇನು ಬೇಕು? ಚೌರಪ್ಪನಿಗೆ ಚಿತ್ರದುರ್ಗದಲ್ಲಿ ಇನ್ನೊಂದು ಮನೆ ಇದೆ ಎಂದು ಊರು ನಿರ್ಧರಿಸಿತು. ಆ ಮಾತು ನನಗೊಬ್ಬನಿಗೆ ಬಿಟ್ಟು ಎಲ್ಲರ ಕಿವಿಗೂ ಬಿದ್ದಿತ್ತು.

ಪಕ್ಕದ ಮನೆಯ ಗೌರಮ್ಮ ಫಿಲೋಮಿನಳಿಗೆ ಇನ್ನೊಂದು ಹೆಜ್ಜೆ ಮುಂದಿನದನ್ನು ಹೇಳಿದ್ದರಂತೆ. "ನಿನ್ ಗಂಡನಿಗೆ ಯಾವಳೋ ಮದ್ದು ಹಾಕಿದಾಳೆ ಕಣವ್ವ. ಅದು ಹೊಟ್ಟೇಲಿ ಅಂಟ್ಕಂಡೈತೆ. ಹೊಳಲ್ಕೆರೆ ಕಡೆ ಮದ್ದು ತೆಗೆಯೋರು ಅವರೆ, ಕರ್ಕಂಡು ಹೋಗು." ಗಂಡಸನ್ನು ವಶ ಮಾಡಿಕೊಳ್ಳಲು ಅನ್ನದಲ್ಲಿ ಏನನ್ನೋ ಬೆರೆಸಿ ತಿನ್ನಿಸುತ್ತಾರೆ, ಆಮೇಲೆ ಅವನಿಗೆ ಮನೆಯ ಊಟ ಸೇರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಎಲ್ಲ ಜಾತಿಯವರಲ್ಲೂ ಇದೆ. ನಾವು ಕ್ರೈಸ್ತರು ಬಾಯಲ್ಲಿ ಇಲ್ಲ ಎನ್ನುತ್ತೇವೆ.

ಗರಿಗಳ ಭಾನುವಾರ ಬಂತು. ಅಂದು ಚರ್ಚಿನಲ್ಲಿ ಕೊಟ್ಟ ಗರಿಯನ್ನು ತಂದು ದೇವರ ಪಟದ ಹಿಂದೆ ಸಿಕ್ಕಿಸುವುದು ವಾಡಿಕೆ. ಫಿಲೋಮಿನ ಸ್ಟೂಲು ಹತ್ತಿ ಗರಿ ಇಡಲು ಹೋದಾಗ ಕರವಸ್ತ್ರ ಅವಳ ಕೈಗೆ ಬಿತ್ತು. ಬಿಚ್ಚಿದರೆ ಒಣಗಿದ ಏನೋ ಬಿಳಿ ಪುಡಿ, ಚೂರು. ಅವಳಿಗೆ ಸಂಶಯವೇ ಉಳಿಯಲಿಲ್ಲ. ಮಾರನೆಯ ಬೆಳಗ್ಗೆ ನಾನು ಕೆಲಸಕ್ಕೆ ಹೋದ ಕೂಡಲೇ ಅದನ್ನು ಹಿಡಿದುಕೊಂಡು ನೇರ ಗುರುಗಳ ಆಫೀಸಿಗೆ ಹೋದಳು.

ಗುರುಗಳು ಬಂದು ಆಗ ವರ್ಷ ಆಗಿರಲಿಲ್ಲ. ಕರಾವಳಿಯವರು, ಮಾತು ಕಡಿಮೆ. ಮೊದಲ ಶುಕ್ರವಾರದ ಆರಾಧನೆಯನ್ನು ಶುರುಮಾಡಿದವರೇ ಅವರು. "ಫಾದರ್, ಇಲ್ಲಿ ಜನ ಕೂಲಿನಾಲಿಗೆ ಹೋಗೋರು, ಹಗಲೊತ್ತು ಯಾರು ಬಂದು ಕುಂತ್ಕಂತಾರೆ?" ಎಂದು ನಾವೆಲ್ಲ ಕೈಯೆತ್ತಿದ್ದೆವು. ಅವರು ವಾದ ಮಾಡಲಿಲ್ಲ. "ಯಾರೂ ಇಲ್ಲದ ಹೊತ್ತಿಗೆ ನಾನಿರ್ತೇನೆ" ಎಂದರು, ಹಾಗೇ ಕೂತರು. ಹಗಲಿಡೀ ಅವರೊಬ್ಬರು, ಬಸ್‌ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಲೂರ್ದಮ್ಮಜ್ಜಿ ಒಬ್ಬಳು. ಉಳಿದವರು ಬಾಗಿಲಲ್ಲಿ ಶಿಲುಬೆಯ ಗುರುತು ಹಾಕಿಕೊಂಡು ಹೋಗುತ್ತಿದ್ದೆವು.

ಫಿಲೋಮಿನ ಕರವಸ್ತ್ರವನ್ನು ಅವರ ಮೇಜಿನ ಮೇಲೆ ಎಸೆದಳಂತೆ. "ನೋಡ್ರಿ ಫಾದರ್, ನನ್ ಸಂಸಾರ ಹಾಳ್ಮಾಡಿದ ಮದ್ದು ಇದು. ದೇವರ ಪಟದ ಹಿಂದೆ ಇಟ್ಟಿದಾರೆ!"

ಅವರು ನಿಧಾನವಾಗಿ ಬಿಚ್ಚಿದರು. ಒಣಗಿದ ಒಂದು ಚೂರಿನ ಮೇಲೆ ಒತ್ತಿದ್ದ ಶಿಲುಬೆಯ ಅರ್ಧ ಗುರುತು ಇನ್ನೂ ಉಳಿದಿತ್ತು. ಅವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಆಮೇಲೆ ಆ ಮೇಜಿನ ಮುಂದೆ, ಸಿಮೆಂಟಿನ ನೆಲದ ಮೇಲೆ, ಎರಡೂ ಮೊಣಕಾಲೂರಿ ತಲೆ ಬಾಗಿಸಿದರು.

"ಏಳ್ರಿ ಫಾದರ್, ಮದ್ದಿಗೆ ಯಾಕೆ ಮೊಣಕಾಲೂರ್ತೀರಿ?" ಎಂದು ಇವಳು ಗಾಬರಿಯಿಂದ ಕೂಗಿದಳು.

"ಇದು ಮದ್ದಲ್ಲಮ್ಮ, ಹತ್ತಿರ ಬಂದು ನೋಡಿ" ಎಂದರಂತೆ ಅವರು, ಮೊಣಕಾಲೂರಿದಲ್ಲಿಂದಲೇ.

ಇವಳು ಬಗ್ಗಿ ನೋಡಿದಳು. ಶಿಲುಬೆಯ ಗುರುತು ಕಂಡಿತು. "ಎಂಜಲು ಮೆತ್ತಿದ ಹಳೇ ಕರ್ಚೀಪು ರೀ ಅದು. ಅದರ ಮುಂದೆ ಆ ಮನುಷ್ಯ ಸೊಂಟ ಬಗ್ಗಿಸಿದ್ದು ನೋಡಿದ್ ಮೇಲೆ ನಂಗೆ ಪ್ರಸಂಗ, ಉಪದೇಶ ಯಾವ್ದೂ ಬೇಕಿಲ್ಲ" ಎಂದು ಫಿಲೋಮಿನ ಇವತ್ತಿಗೂ ಹೇಳುತ್ತಾಳೆ. ಗುರುಗಳು ಒಂದು ಬಟ್ಟಲು ನೀರಿನಲ್ಲಿ ಆ ಚೂರುಗಳನ್ನು ಹಾಕಿ, ಎರಡೂ ಕೈಯಲ್ಲಿ ಹಿಡಿದು ಚರ್ಚಿಗೆ ಒಯ್ದು ಇಟ್ಟರು. ಇವಳು ಹಿಂದೆಯೇ ಹೋದಳು.

ನಾನು ಆಗ ಸಂತೆ ಬೀದಿಯ ಕಂಬದ ಮೇಲಿದ್ದೆ. ಕೆಳಗೆ ಗುರುಗಳ ಬಿಳಿ ನಿಲುವಂಗಿ ಕಂಡಿತು.

"ಚೌರಪ್ಪ, ಇಳಿದು ಬನ್ನಿ" ಎಂದರು. ಇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ನಿಂತೆ. ಅವರು ನನ್ನ ಕಾಲರನ್ನು, ಕತ್ತನ್ನು ನೋಡಿ ಒಂದೇ ಮಾತು ಕೇಳಿದರು, "ಊಟ ಅಂತ ಮಾಡಿ ಎಷ್ಟು ದಿನ ಆಯ್ತು?"

ನಾನು ನಡುಬೀದಿಯಲ್ಲಿ ಅತ್ತುಬಿಟ್ಟೆ. ಏಣಿ ಹಿಡಿದಿದ್ದ ರಂಗಪ್ಪನಿಗೆ ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಲೇ, ಒಂದೇ ಕಂಬ ಹತ್ತಿ ಸಾಯೋ ಕೆಲಸ ಮಾಡ್ತೀವಿ, ನಂಗೂ ಹೇಳಲಿಲ್ವಲ್ಲೋ! ನಡಿ, ನಾಳೇನೆ ದುರ್ಗಕ್ಕೆ ಹೋಗಾಣ."

ಮನೆಗೆ ಹೋದರೆ ಫಿಲೋಮಿನ ತೆಳ್ಳನೆಯ ರಾಗಿ ಗಂಜಿ ಲೋಟದಲ್ಲಿ ತಂದಿಟ್ಟಳು. "ನನ್ ಮೇಲೆ ನಂಬ್ಕೆ ಇರ್ಲಿಲ್ವಾ?" ಎಂದು ಕೇಳಿದಳು.

"ನಿಂಗೆ ನನ್ ಮೇಲಿತ್ತಾ?" ಎಂದೆ.

ಇಬ್ಬರಿಗೂ ನಗು ಬಂತು, ಆಮೇಲೆ ಇಬ್ಬರೂ ಅತ್ತೆವು. ಆ ಗಂಜಿಯಲ್ಲಿ ಅರ್ಧ ಒಳಗೆ ಹೋಯಿತು.

ಚಿತ್ರದುರ್ಗದ ಎಕ್ಸ್‌ರೇ ಕೋಣೆಯ ಹೊರಗೆ ಒಂದು ಉದ್ದನೆಯ ಮರದ ಬೆಂಚು. ಅದರ ಮೇಲೆ ಸುಣ್ಣದ ನೀರಿನಂಥ ಬಿಳಿಯ ದ್ರವದ ಲೋಟ ಹಿಡಿದು ಕೂತಿದ್ದೆ. ಅದನ್ನು ಕುಡಿಸಿ ಫೋಟೋ ತೆಗೆಯುತ್ತಾರಂತೆ. ಪಕ್ಕದಲ್ಲಿ ತುರುವನೂರಿನ ಅಜ್ಜ ಒಬ್ಬರಿದ್ದರು. "ನೀ ಹೆದ್ರಬ್ಯಾಡ ತಮ್ಮಾ, ರುಚಿ ಕೆಟ್ಟದ್ದಷ್ಟೆ, ನಾನು ಎರಡು ಸಲ ಕುಡುದೀನಿ" ಎಂದು ತಮ್ಮ ಟವೆಲಿನ ಅಂಚಿನಿಂದ ನನ್ನ ಗಲ್ಲಕ್ಕೆ ಇಳಿದಿದ್ದ ಎಂಜಲು ಒರೆಸಿದರು. ಅವರ ಹೆಸರನ್ನೂ ನಾನು ಕೇಳಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಸಿಗುವ ಇಂಥ ನೆಂಟರಿಗೆ ನಾವು ಏನು ಕೊಟ್ಟು ತೀರಿಸಲು ಸಾಧ್ಯ?

ಅಲ್ಲಿಂದ ದಾವಣಗೆರೆಗೆ ಕಳಿಸಿದರು. ಗಂಟಲೊಳಗೆ ಕೊಳವೆ ಬಿಟ್ಟು ನೋಡಬೇಕಿತ್ತು. ಶುಭ ಶುಕ್ರವಾರದ ಹಿಂದಿನ ದಿನ ಅದು. ಬೆಳಗ್ಗೆಯೇ ಹೋದೆವು, ನನ್ನ ಹೆಸರನ್ನು ಮಧ್ಯಾಹ್ನ ದಾಟಿದರೂ ಕೂಗಲಿಲ್ಲ. ರಂಗಪ್ಪ ನನ್ನ ಪಕ್ಕದಲ್ಲಿ ಕೂತಿದ್ದ. ಅವನು ಬಾಯಿ ಮುಚ್ಚಿ ಕೂತದ್ದನ್ನು ನಾನು ಮೊದಲ ಬಾರಿ ಕಂಡದ್ದು. "ಹೊರಗೆ ಹೋಗಿ ಚಾನಾದ್ರೂ ಕುಡಿಯಪ್ಪ" ಎಂದರೆ ಕದಲಲಿಲ್ಲ. ಒಳಗೆ ಕರೆದಾಗ ಎದ್ದೆ, ಬಂದಾಗಲೂ ಅಲ್ಲೇ ಇದ್ದ, ನನ್ನ ಚಪ್ಪಲಿಯನ್ನು ತನ್ನ ಕಾಲ ಬಳಿ ಜೋಡಿಸಿ ಇಟ್ಟುಕೊಂಡು.

ಡಾಕ್ಟರು ಹೆಂಗಸು, ವಯಸ್ಸಾದವರು. ನಾನು ಬಾಯಿ ಬಿಡುವ ಮೊದಲೇ, "ಕ್ಯಾನ್ಸರ್ ಅಲ್ಲ" ಎಂದರು. ಫೈಲು ನೋಡಿ ಅಪ್ಪನ ವಿಷಯ ತಿಳಿದುಕೊಂಡಿದ್ದರು, ಅದಕ್ಕೇ ಆ ಮಾತನ್ನು ಮೊದಲು ಹೇಳಿದರು. ಅವರ ಮೇಲೆ ನನಗೆ ಇವತ್ತಿಗೂ ಗೌರವ ಕಡಿಮೆಯಾಗಿಲ್ಲ. ಅನ್ನನಾಳದ ತುದಿಯ ಬಾಗಿಲು ನನಗೆ ತೆರೆಯುತ್ತಿಲ್ಲ, ಆಪರೇಷನ್ ಮಾಡಿ ಸಡಿಲಿಸಬೇಕು, ಆದರೆ ಈ ತೂಕಕ್ಕೆ ಮಾಡಲಾಗದು, ಮೈ ಸ್ವಲ್ಪ ಹಿಡಿಯಬೇಕು ಎಂದರು. ನಾನು ಹೊರಗೆ ಬಂದು ಹೇಳಿದಾಗ ರಂಗಪ್ಪ ಕಾರಿಡಾರಿನಲ್ಲೇ ಮೈಲಾರಲಿಂಗನಿಗೆ ಕೈ ಮುಗಿದ. ನಾನು ಶಿಲುಬೆಯ ಗುರುತು ಹಾಕಿಕೊಂಡೆ.

ಮೈ ಹಿಡಿಯುವುದು, ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನ ಸಿಗುವುದು, ಎಲ್ಲ ಸೇರಿ ಏಳು ತಿಂಗಳು ಕಾಯಬೇಕಾಯಿತು. ಬಿಸಿ ಗಂಜಿ, ಸೋಸಿದ ಬೇಳೆಕಟ್ಟು, ಹಾಲು. ಅದೂ ನಿಂತುಕೊಂಡು, ಒಂದೊಂದೇ ಗುಟುಕು. ಕಂಬ ಹತ್ತುವ ಕೆಲಸ ನಿಂತು ಆಫೀಸಿನಲ್ಲಿ ದೂರಿನ ಫೋನು ಎತ್ತಲು ಕೂರಿಸಿದರು.

ಗುರುಗಳು ಸಾಸಿವೆಕಾಳಿನಷ್ಟು ಚೂರು ಕೊಡುತ್ತೇನೆ, ನೀರಿನ ಜೊತೆ ತೆಗೆದುಕೊಳ್ಳಿ ಎಂದರು. ನಾನು ಒಪ್ಪಲಿಲ್ಲ. ಒಂದು ಸಲ ಹೊರಗೆ ಬಂದದ್ದು ಇನ್ನೊಂದು ಸಲ ಬಂದರೆ ನನ್ನಿಂದ ತಡೆಯಲಾಗದು ಎಂದೆ. ಅವರು ಒತ್ತಾಯಿಸಲಿಲ್ಲ.

"ನುಂಗುವುದು ಬೇಡ. ನೋಡಲಿಕ್ಕೆ ಆಗ್ತದಲ್ಲ? ಮೊದಲ ಶುಕ್ರವಾರ ಹನ್ನೆರಡಕ್ಕೆ ಬನ್ನಿ. ಆ ಹೊತ್ತಿಗೆ ನನಗೆ ಊಟಕ್ಕೆ ಬಿಡಿಸುವವರು ಯಾರೂ ಇಲ್ಲ" ಎಂದರು.

ಅವರ ಊಟದ ಸಲುವಾಗಿ ಹೋದೆ, ಭಕ್ತಿಯಿಂದಲ್ಲ. ಪೀಠದ ಮೇಲೆ ಸುತ್ತಲೂ ಕಿರಣಗಳಿರುವ ಹಿತ್ತಾಳೆಯ ಪಾತ್ರೆ, ನಡುವಿನ ಗಾಜಿನ ಹಿಂದೆ ಬಿಳಿಯ ಅಪ್ಪ. ಎರಡು ಮೇಣದಬತ್ತಿ. ಮುಂದಿನ ಚಾಪೆಯ ಮೇಲೆ ಲೂರ್ದಮ್ಮಜ್ಜಿ. ಕಡಲೆಕಾಯಿ ಬುಟ್ಟಿ ಹೊರಗೆ ಬಾಗಿಲ ಬಳಿ ಇತ್ತು. ಕಲಿತ ಪ್ರಾರ್ಥನೆಗಳೆಲ್ಲ ನನಗೆ ಹತ್ತು ನಿಮಿಷದಲ್ಲಿ ಮುಗಿದುಹೋದವು. ಆಮೇಲೆ ಫ್ಯಾನು ನೋಡಿದೆ, ವೈರಿಂಗ್ ಹಳೆಯದಾಯಿತು ಅಂದುಕೊಂಡೆ, ಗಡಿಯಾರ ನೋಡಿದೆ. ಅರ್ಧ ಗಂಟೆ ಇಷ್ಟು ಉದ್ದ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೊರಗೆ ಬಂದ ಮೇಲೆ ಅಜ್ಜಿಯನ್ನು ಕೇಳಿದೆ.

"ಅಜ್ಜಿ, ಅಷ್ಟೊತ್ತು ಒಳಗೆ ಏನ್ ಮಾಡ್ತೀಯ?"

"ದಾವಣಗೆರೆ ಆಸ್ಪತ್ರೇಲಿ ಆ ಕುರುಬ್ರ ಹುಡುಗ ನಿನ್ ಪಕ್ಕ ಏನ್ ಮಾಡ್ತಿದ್ದ?"

"ಏನಿಲ್ಲ, ಸುಮ್ನೆ ಕುಂತಿದ್ದ."

"ನಿಂಗೆ ಬ್ಯಾಸರ ಆತಾ?"

"ಇಲ್ಲಜ್ಜಿ, ಅವನು ಇದ್ದದ್ಕೇ ಜೀವ ಉಳೀತು."

"ಹಂಗೇಯ ಕಣಪ್ಪ" ಎಂದು ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಓದು ಬರಹ ಬಾರದ ಆ ಮುದುಕಿ ಹೇಳಿದ ಮಾತನ್ನು ನಾನು ಎಷ್ಟೋ ಪ್ರಸಂಗಗಳಲ್ಲಿ ಕೇಳಿರಲಿಲ್ಲ. ಮುಂದಿನ ತಿಂಗಳ ಶುಕ್ರವಾರ ಗಡಿಯಾರ ನೋಡುವುದನ್ನು ಬಿಟ್ಟೆ. ಕಾಯಿಲೆಯವನಿಗೆ ಏನಾದರೂ ಮಾಡುತ್ತಲೇ ಇರಬೇಕೆಂಬ ಒಂದು ಆತುರ ಇರುತ್ತದೆ. ಮಾತ್ರೆ, ಕಷಾಯ, ಹರಕೆ, ಜಪ. ಏನೂ ಮಾಡದೆ ಒಬ್ಬರ ಎದುರಿಗೆ ಇರುವುದನ್ನು ನಾನು ಕಲಿತದ್ದು ಆ ಚಾಪೆಯ ಮೇಲೆ. ನನ್ನ ಒಳಗೆ ಇಳಿಯಲು ಆಗದವನು ನನ್ನ ಎದುರಿಗೆ ಕೂತಿದ್ದಾನೆ, ಅವನಿಗೂ ಅವಸರವಿಲ್ಲ ಅನ್ನಿಸುತ್ತಿತ್ತು. ಭಯ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಭಯವೂ ನನ್ನ ಜೊತೆ ಚಾಪೆಯ ಮೇಲೆ ಬಂದು ಕೂತು ಸ್ವಲ್ಪ ಸುಮ್ಮನಾಗುತ್ತಿತ್ತು.

ಎಲುಬು ಕಾಣುವ ಮನುಷ್ಯ ಮಧ್ಯಾಹ್ನ ಬಂದು ಕೂರುವುದನ್ನು ನೋಡಿ ಜನಕ್ಕೆ ಕುತೂಹಲವಾಯಿತು. ಗಾರೆ ಕೆಲಸದವನೊಬ್ಬ ಊಟದ ಬಿಡುವಿನಲ್ಲಿ ಬಂದ. "ಹತ್ ನಿಮಿಷ ಕುಂತ್ರೆ ಲೆಕ್ಕಕ್ಕೆ ಬರ್ತೈತಾ ಫಾದರ್?" ಎಂದು ಕೇಳಿದ. "ಬರ್ತದೆ" ಎಂದರು ಗುರುಗಳು. ಇಬ್ಬರು ಟೀಚರಮ್ಮಂದಿರು ಬಂದರು. ಚಿತ್ರದುರ್ಗದ ಮನೆಯ ಸುದ್ದಿ ಹಬ್ಬಿಸಿದ್ದ ಹಿರಿಯರೊಬ್ಬರು ಒಂದು ದಿನ ನನ್ನ ಪಕ್ಕ ಬಂದು ಕೂತು, ಹೋಗುವಾಗ ಭುಜ ತಟ್ಟಿದರು. ಕ್ಷಮೆ ಕೇಳಲಿಲ್ಲ, ನಾನೂ ಎದುರು ನೋಡಲಿಲ್ಲ.

ಆಪರೇಷನ್ನಿಗೆ ಬೆಂಗಳೂರಿಗೆ ಹೋದ ವಾರವೇ ಮೊದಲ ಶುಕ್ರವಾರ ಬಿತ್ತು. ನನ್ನ ಹನ್ನೆರಡು ಗಂಟೆ ಖಾಲಿಯಾಗುತ್ತದಲ್ಲ ಎಂದು ಆ ನೋವಿನಲ್ಲೂ ಒಂದು ಕೊರಗಿತ್ತು. ಫಿಲೋಮಿನ ಆಸ್ಪತ್ರೆಯಲ್ಲಿ ನನ್ನ ಜೊತೆಯಲ್ಲಿದ್ದಳು. ಊರಿಗೆ ಬಂದ ಮೇಲೆ ಗೊತ್ತಾಯಿತು, ಅಂದು ಆ ಹೊತ್ತಿಗೆ ಹನ್ನೊಂದು ಜನ ಬಂದು ಕೂತಿದ್ದರಂತೆ. ಎಲ್ಲರ ಹಿಂದೆ, ಚಪ್ಪಲಿ ಹೊರಗೆ ಬಿಟ್ಟು, ರಂಗಪ್ಪನೂ ಕೂತಿದ್ದನಂತೆ. "ನಂಗೆ ನಿಮ್ದೇನೂ ಗೊತ್ತಾಗಲಿಲ್ಲ. ಎಲ್ರೂ ಸುಮ್ನಿದ್ರು, ನಾನೂ ಸುಮ್ನಿದ್ದೆ" ಎಂದ.

ಗಾಯ ಮಾಗಿತು. ಮೊದಲು ನೀರು ಇಳಿಯಿತು, ಆಮೇಲೆ ಮೆತ್ತನೆಯ ಅನ್ನ, ಕ್ರಿಸ್‌ಮಸ್ಸಿನ ಹೊತ್ತಿಗೆ ಮುದ್ದೆ. ಡಾಕ್ಟರು ಏನನ್ನಾದರೂ ತಿನ್ನಿ ಎಂದಿದ್ದರು. ಎಲ್ಲವನ್ನೂ ತಿಂದೆ. ಆದರೆ ಭಾನುವಾರ ಮಾತ್ರ ಕೊನೆಯ ಬೆಂಚಿನಿಂದ ಏಳಲು ಆಗಲಿಲ್ಲ. ಮುದ್ದೆ ಹೊರಗೆ ಬಂದರೆ ತಿಪ್ಪೆ ಇದೆ, ಅದು ಬಂದರೆ? ಹೊಟ್ಟೆ ವಾಸಿಯಾಗಿತ್ತು, ಹೆದರಿಕೆ ವಾಸಿಯಾಗಿರಲಿಲ್ಲ. ತಲೆ ತಗ್ಗಿಸಿ ನೆಲ ನೋಡುವುದು ಮುಂದುವರಿಯಿತು. ಎಲ್ಲ ಸರಿಹೋದ ಮೇಲೂ ಹೀಗೆ ಒಂದು ಮೂಲೆಯಲ್ಲಿ ಕಾಯಿಲೆ ಉಳಿದುಕೊಳ್ಳುತ್ತದೆ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ಜನವರಿಯ ಮೊದಲ ಶುಕ್ರವಾರ ಸರದಿ ಮುಗಿಸಿ ಹೊರಗೆ ಬಂದಾಗ ಲೂರ್ದಮ್ಮಜ್ಜಿ ಕೇಳಿದಳು, "ನಿಂದಿರ್ಲಿ, ನಿನ್ ಹೆಂಡ್ತೀದು ಯಾವಾಗ?"

"ಅವಳದೇನಜ್ಜಿ?"

"ಹೋದ ಗರಿ ಹಬ್ಬ ಆದಾಗಿಂದ ಅವಳೂ ಪ್ರಸಾದ ತಗಂಡಿಲ್ಲ. ಹೆಂಗಸರ ಸಾಲಿನಾಗೆ ಅವಳೊಬ್ಳೇ ಕುಂತಿರ್ತಾಳೆ. ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಒಂಬತ್ತು ತಿಂಗಳು ಒಂದೇ ಚರ್ಚಿನಲ್ಲಿ, ನಡುವೆ ನಾಲ್ಕು ಮಾರು ಜಾಗ ಬಿಟ್ಟು ಕೂತಿದ್ದೆವು. ನನ್ನ ಪಾಪ, ನನ್ನ ಗಂಟಲು, ನನ್ನ ನಾಚಿಕೆ ಎಂದು ನಾನು ನೆಲ ನೋಡಿದ್ದೆ.

ಮನೆಗೆ ಬಂದೆ. ಫಿಲೋಮಿನ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನೀವು ಒಂದು ಸಲ ತಲೆ ಎತ್ತಿದ್ರೆ ಕಾಣ್ತಿತ್ತು" ಎಂದಳು. ಆಮೇಲೆ ಹೇಳಿದಳು, "ಅದನ್ನ ಮದ್ದು ಅಂದ್ಕಂಡು ಫಾದರ್ ಮೇಜಿನ ಮೇಲೆ ಬಿಸಾಕಿದ ಕೈ ಇದು. ನಿಮ್ ಬಗ್ಗೆ ಏನೇನೋ ಅಂದ್ಕಂಡ ಬಾಯಿ ಇದು. ಫಾದರ್ ಪಾಪನಿವೇದನೆ ಕೇಳಿ ಕ್ಷಮಿಸಿದ್ರು, ತಗಳ್ಳಮ್ಮ ಅಂತ್ಲೂ ಅಂದ್ರು. ನಾನೇ ಹೇಳ್ದೆ, ಅವರಿಗೆ ಇಳಿಯೋ ದಿನ ನಾನೂ ತಗಂತೀನಿ ಅಂತ. ನಿಮಗೆ ಹೇಳಿದ್ರೆ ನನ್ ಸಲುವಾಗಿ ಎದ್ದು ಹೋಗ್ತಿದ್ರಿ, ಅದು ಬ್ಯಾಡ ಅನ್ನಿಸ್ತು."

ಅವಳು ಊರಿನವರ ಕಣ್ಣುಗಳನ್ನು ನನ್ನ ಹಾಗೆಯೇ ಒಂಬತ್ತು ತಿಂಗಳು ಹೊತ್ತಿದ್ದಳು, ಅದೂ ಬೇಕೆಂದೇ. ಪಕ್ಕದಲ್ಲಿ ಕೂತು ನಾನೂ ಅವರೆಕಾಯಿ ಸುಲಿದೆ.

ಆ ಭಾನುವಾರ ಪರಮಪ್ರಸಾದದ ಹೊತ್ತಿಗೆ ಎದ್ದೆ. ಗುರುಗಳು ನನ್ನನ್ನು ಕಂಡು ಒಂದು ಕ್ಷಣ ಕೈ ತಡೆದರು, ಆಮೇಲೆ ಎಲ್ಲರಿಗೂ ಕೊಟ್ಟ ಹಾಗೆ ಕೊಟ್ಟರು, ಇಡಿಯ ಅಪ್ಪವನ್ನೇ. ನಾಲಗೆಯ ಮೇಲೆ ಅದು ಮೆತ್ತಗಾಯಿತು. ನುಂಗಿದೆ. ಪಕ್ಕಕ್ಕೆ ಸರಿದು ಗೋಡೆ ಹಿಡಿದು ನಿಂತೆ. ಹೆಂಗಸರ ಸಾಲು ಮುಂದೆ ಸಾಗುತ್ತಿತ್ತು. ಫಿಲೋಮಿನ ಮಾತ್ರ ಸೆರಗು ತಲೆಯ ಮೇಲೆ ಹೊದ್ದು, ಹಿಂದಿನವರಿಗೆಲ್ಲ ದಾರಿ ಬಿಡುತ್ತ ನಿಂತಲ್ಲೇ ನಿಂತಿದ್ದಳು. ಈ ಸಲ ನಾನು ತಲೆ ಎತ್ತಿಯೇ ಇದ್ದೆ. ಎಲ್ಲರೂ ಮುಗಿದು ಅವಳೊಬ್ಬಳೇ ಉಳಿದಾಗ ಅವಳು ನನ್ನ ಕಡೆ ತಿರುಗಿ ಹುಬ್ಬಿನಲ್ಲೇ ಕೇಳಿದಳು, ಇಳೀತಾ?

ನಾನು ಹೂಂ ಎಂದು ತಲೆಯಾಡಿಸಿದೆ. ಆಗ ಅವಳು ಗುರುಗಳ ಮುಂದೆ ಹೋಗಿ ಬಾಯಿ ತೆರೆದಳು.